ಊರೊಳಗಿನ ರಿಯೋಕಾನ್ ನಕಲಿಯಲ್ಲ

ಜಪಾನಿಗೆ ಹೊರಟವರಿಗೆ ಸಿಗುವ ಸಲಹೆಗಳಲ್ಲಿ ಒಂದು ಈಗ ವೇದವಾಕ್ಯದಂತೆ ನಿಂತುಬಿಟ್ಟಿದೆ. ಟೋಕಿಯೊ, ಕ್ಯೋಟೊಗಳಲ್ಲಿ ರೈಲು ನಿಲ್ದಾಣದ ಪಕ್ಕದ ಹೋಟೆಲ್ ಹಿಡಿಯಿರಿ. ಸಾಂಪ್ರದಾಯಿಕ ವಸತಿಗೃಹವಾದ ರಿಯೋಕಾನ್ ನೋಡಬೇಕೆಂಬ ಆಸೆಯಿದ್ದರೆ ಹಕೋನೆಗೋ ಕಿನೊಸಾಕಿಗೋ ಹೋಗಿ, ಬಿಸಿನೀರಿನ ಬುಗ್ಗೆಯ ಪಕ್ಕದಲ್ಲಿ ಒಂದೇ ಒಂದು ರಾತ್ರಿ ಕೈಬಿಚ್ಚಿ ಖರ್ಚು ಮಾಡಿ ಬನ್ನಿ. ಊರೊಳಗಿನ ರಿಯೋಕಾನ್‌ಗೆ ಮಾತ್ರ ದುಡ್ಡು ಹಾಕಬೇಡಿ, ಅದು ಅಸಲಿಯಲ್ಲ. ಪ್ರವಾಸದ ಏಜೆಂಟರು ಇದನ್ನು ಹೇಳುತ್ತಾರೆ, ಕೈಪಿಡಿಗಳು ಹೇಳುತ್ತವೆ, ಹೋಗಿಬಂದವರು ಹೋಗಲಿರುವವರಿಗೆ ಹೇಳುತ್ತಾರೆ. ಬೆಂಗಳೂರಿನಿಂದ ಟೋಕಿಯೊಗೆ ನೇರ ವಿಮಾನ ಶುರುವಾದ ಮೇಲೆ ನಮ್ಮ ಮನೆಗಳಲ್ಲೂ ಈ ಲೆಕ್ಕಾಚಾರ ಕೇಳಿಬರುತ್ತಿದೆ. ಇಷ್ಟು ಬಾಯಿಗಳಿಂದ ಬಂದ ಮಾತು ಸುಳ್ಳಿರಲಾರದು ಎಂದು ತೋರುವುದು ಸಹಜ. ಆದರೆ ಈ ಸಲಹೆಯ ಬುಡದಲ್ಲೇ ತಪ್ಪಿದೆ. ರಿಯೋಕಾನ್ ಹುಟ್ಟಿದ್ದು ದಾರಿಯಲ್ಲಿ, ಬೆಳೆದದ್ದು ಊರಿನಲ್ಲಿ. ಅದನ್ನು ನಾಲ್ಕಾರು ದಿನ ಊರಿನಲ್ಲೇ ತಂಗುವವರು ಆರಿಸಿಕೊಂಡಾಗಲೇ ಅದು ಪೂರ್ತಿ ಬಳಕೆಗೆ ಬರುತ್ತದೆ.

ಮೊದಲು ಈ ಗೊಂದಲದ ಮೂಲವನ್ನು ಬಿಡಿಸಬೇಕು. ಬಿಸಿನೀರಿನ ಬುಗ್ಗೆಗೆ ಜಪಾನಿನಲ್ಲಿ ಒನ್ಸೆನ್ ಎನ್ನುತ್ತಾರೆ. ಒನ್ಸೆನ್ ಬೇರೆ, ರಿಯೋಕಾನ್ ಬೇರೆ. ಅಲ್ಲಿನ ಕಾನೂನೂ ಇವೆರಡನ್ನು ಬೇರೆಬೇರೆಯಾಗಿಯೇ ಇಟ್ಟಿದೆ. 1948ರ ಜುಲೈ 10ರಂದು ಒನ್ಸೆನ್ ಕಾನೂನು ಬಂತು. ನೆಲದಿಂದ ಬರುವ ನೀರು ಕನಿಷ್ಠ 25 ಡಿಗ್ರಿ ಬಿಸಿಯಾಗಿರಬೇಕು, ಇಲ್ಲವೇ ಪಟ್ಟಿಯಲ್ಲಿರುವ 19 ದ್ರವ್ಯಗಳಲ್ಲಿ ಒಂದಾದರೂ ನಿಗದಿಯಾದ ಪ್ರಮಾಣದಲ್ಲಿರಬೇಕು ಎಂದು ಅದು ಹೇಳಿತು. ಎರಡೇ ದಿನ ಕಳೆದು, ಜುಲೈ 12ರಂದು, ವಸತಿಗೃಹಗಳ ಕಾನೂನು ಬಂತು. ಇದು ಕೋಣೆಯ ಅಳತೆ, ಗಾಳಿ ಬೆಳಕು, ಶುಚಿತ್ವಗಳ ಮಾತಾಡುತ್ತದೆ. ಬಿಸಿನೀರಿನ ಬುಗ್ಗೆ ಇರಲೇಬೇಕೆಂದು ಎಲ್ಲೂ ಹೇಳುವುದಿಲ್ಲ. ಒನ್ಸೆನ್ ನೀರು ಬಳಸುವ ಕಡೆ ತಲೆಗೆ ಸಾಮಾನ್ಯವಾಗಿ 150 ಯೆನ್ ಸ್ನಾನದ ತೆರಿಗೆ ಕೊಡಬೇಕು. ಊರೊಳಗಿನ ಸಾದಾ ರಿಯೋಕಾನ್‌ನಲ್ಲಿ ಆ ತೆರಿಗೆಯೇ ಇಲ್ಲ. ಸರ್ಕಾರ ಬೇರೆಬೇರೆ ಎಂದು ಬರೆದಿಟ್ಟದ್ದನ್ನು ಪ್ರವಾಸಿಗಳ ಬಾಯಿಮಾತು ಒಂದು ಮಾಡಿತು. ಒಂದು ಮಾಡಿದ ಮೇಲೆ, ಬುಗ್ಗೆಯಿಲ್ಲದ ರಿಯೋಕಾನ್ ಅಪೂರ್ಣ ಎಂಬ ತೀರ್ಪೂ ತಾನಾಗಿ ಹುಟ್ಟಿತು. ದೇವಸ್ಥಾನದ ಪಕ್ಕದಲ್ಲಿ ಛತ್ರಗಳಿರುತ್ತವೆ ಎಂಬ ಕಾರಣಕ್ಕೆ, ದೇವಸ್ಥಾನವಿಲ್ಲದ ಊರಿನ ಛತ್ರ ಛತ್ರವೇ ಅಲ್ಲ ಎಂದರೆ ನಾವು ಒಪ್ಪುತ್ತೇವೆಯೇ?

ಇತಿಹಾಸವೂ ಇದನ್ನೇ ಹೇಳುತ್ತದೆ. ಆಗ ಜಪಾನನ್ನು ಆಳುತ್ತಿದ್ದ ತೊಕುಗಾವಾ ಮನೆತನದ ಆಡಳಿತ 1635ರಲ್ಲಿ ಒಂದು ನಿಯಮವನ್ನು ಬಿಗಿಗೊಳಿಸಿತು: ಸಾಮಂತರೆಲ್ಲ ನಿಗದಿಯಾದ ಕಾಲಕ್ಕೆ ಎದೊಗೆ, ಅಂದರೆ ಇಂದಿನ ಟೋಕಿಯೊಗೆ, ಬಂದು ನೆಲೆಸಿ ಹೋಗಬೇಕು. ಸಾವಿರಾರು ಜನರ ಪರಿವಾರಗಳು ಹೆದ್ದಾರಿಗಳಲ್ಲಿ ಹೋಗುವುದೂ ಬರುವುದೂ ನಡೆದೇ ಇತ್ತು. ಎದೊದಿಂದ ಕ್ಯೋಟೊದ ಸಾಂಜೊ ಸೇತುವೆಯವರೆಗೆ ಸುಮಾರು 490 ಕಿಲೋಮೀಟರ್ ಉದ್ದದ ತೊಕೈದೊ ದಾರಿಯಲ್ಲಿ 53 ತಂಗುದಾಣಗಳಿದ್ದವು. ಸಾಮಂತರಿಗೆ ಹೊಂಜಿನ್ ಎಂಬ ದೊಡ್ಡ ಮನೆ. ಸಾಮಾನ್ಯರಿಗೆ ಊಟ ಹಾಕಿ ಮಲಗಲು ಜಾಗ ಕೊಡುವ ಹತಾಗೊ. ಬಡವರಿಗೆ ಕಿಚಿನ್ಯಾಡೊ, ಅಂದರೆ ಸೌದೆಯ ಕಾಸು ಕೊಟ್ಟು ತಾವೇ ಬೇಯಿಸಿಕೊಂಡು ಮಲಗುವ ಮನೆ. ಇಂದಿನ ರಿಯೋಕಾನ್ ನೇರವಾಗಿ ಹತಾಗೊದ ಸಂತಾನ. ಚಿತ್ರಕಾರ ಹಿರೋಶಿಗೆ 1830ರ ದಶಕದಲ್ಲಿ ರಚಿಸಿದ ತೊಕೈದೊ ಚಿತ್ರಮಾಲೆಯಲ್ಲಿ ಅಕಾಸಾಕಾ ಎಂಬ ತಂಗುದಾಣದ ಚಿತ್ರವನ್ನು ಹತ್ತಿರದಿಂದ ನೋಡಬೇಕು. ನಡುವೆ ಅಂಗಳ, ಅಂಗಳದಲ್ಲಿ ಒಂದು ಸೈಕಸ್ ಗಿಡ, ಸುತ್ತ ಜಗಲಿ. ಸ್ನಾನ ಮುಗಿಸಿದವನೊಬ್ಬ ಹೆಗಲಿಗೆ ಬಟ್ಟೆ ಹಾಕಿಕೊಂಡು ಬರುತ್ತಿದ್ದಾನೆ. ಒಳಗೆ ಒಬ್ಬ ಮೈಚಾಚಿ ಹೊಗೆ ಸೇದುತ್ತಿದ್ದಾನೆ. ಆಳುಹೆಂಗಸು ಊಟದ ಮಣೆ ಹಿಡಿದು ತರುತ್ತಿದ್ದಾಳೆ. ಬಲಗಡೆಯ ಕೋಣೆಯಲ್ಲಿ ಹಾಸಿಗೆಗಳು ಪೇರಿಸಿಟ್ಟಿವೆ, ಹೆಂಗಸರು ಅಲಂಕಾರ ಮಾಡಿಕೊಳ್ಳುತ್ತಿದ್ದಾರೆ. ಇಂದು ರಿಯೋಕಾನ್‌ನ ಲಕ್ಷಣವೆಂದು ನಾವು ಎಣಿಸುವ ಸ್ನಾನ, ಊಟ, ಹಾಸಿಗೆ, ಅಂಗಳ ಎಲ್ಲವೂ ಆ ಒಂದು ಹಾಳೆಯಲ್ಲಿವೆ. ಬೆಟ್ಟವಾಗಲಿ ಗಂಧಕದ ಹಬೆಯಾಗಲಿ ಅದರಲ್ಲಿ ಇಲ್ಲ.

ಊರುಗಳೊಳಗೆ ಈ ಮನೆಗಳು ಮಾಡುತ್ತಿದ್ದ ಕೆಲಸ ಇನ್ನೂ ದೊಡ್ಡದು. ಎದೊದ ಬಾಕುರೊಚೊ ಸುತ್ತಮುತ್ತ ಕುಜಿಯಾಡೊ ಎಂಬ ವಸತಿಗೃಹಗಳಿದ್ದವು. ಹಳ್ಳಿಯಿಂದ ವ್ಯಾಜ್ಯಕ್ಕೆ ಬಂದವರು ತಿಂಗಳುಗಟ್ಟಲೆ ಅಲ್ಲಿ ತಂಗುತ್ತಿದ್ದರು; ಮನೆಯ ಯಜಮಾನನೇ ಅವರ ಅರ್ಜಿ ಬರೆದು, ಕಚೇರಿಯ ರೀತಿನೀತಿ ಹೇಳಿಕೊಟ್ಟು, ನ್ಯಾಯಸ್ಥಾನದವರೆಗೂ ಜೊತೆಗೆ ಹೋಗುತ್ತಿದ್ದ. 1804ರಲ್ಲಿ ಒಸಾಕಾದ ವ್ಯಾಪಾರಿಗಳು ನಾನಿವಾ ಎಂಬ ಹೆಸರಿನ ಕೂಟ ಕಟ್ಟಿ, ಜೂಜು, ವೇಶ್ಯಾವೃತ್ತಿ, ಕುಡಿದು ಗದ್ದಲ ಮಾಡುವುದಕ್ಕೆ ಎಡೆಯಿಲ್ಲದ ವಸತಿಗೃಹಗಳನ್ನು ಗುರುತಿಸಿ ಬಾಗಿಲಿಗೆ ಫಲಕ ಹಾಕಿಸಿದರು. ಒಬ್ಬಂಟಿ ಪ್ರಯಾಣಿಕ ಆ ಫಲಕ ನೋಡಿ ಒಳಗೆ ಹೋಗಬಹುದಿತ್ತು. ಕ್ಯೋಟೊದ ಸಾಂಜೊ ಬಳಿಯ ಇಕೆದಾಯಾ ವಸತಿಗೃಹದಲ್ಲಿ 1864ರ ಬೇಸಿಗೆಯ ರಾತ್ರಿ ತೊಕುಗಾವಾ ಆಡಳಿತದ ಪರವಾದ ಶಿನ್‌ಸೆನ್‌ಗುಮಿ ಪಡೆ ಬಂಡಾಯಗಾರರ ಮೇಲೆ ಬಿದ್ದಿತು. ಎರಡು ವರ್ಷಗಳ ನಂತರ ಫುಶಿಮಿಯ ದೋಣಿಗಟ್ಟೆಯ ತೆರಾದಾಯಾದಲ್ಲಿ, ಆ ಆಡಳಿತವನ್ನು ಉರುಳಿಸಲು ಹೊರಟಿದ್ದ ಸಕಾಮೊತೊ ರ್‍ಯೋಮಾನನ್ನು ಹಿಡಿಯಲು ಪಡೆ ಬಂದಾಗ, ಸ್ನಾನದ ತೊಟ್ಟಿಯಲ್ಲಿದ್ದ ಒರ್‍ಯೊ ಎಂಬಾಕೆ ಸದ್ದು ಕೇಳಿ ಹಾಗೆಯೇ ಮೇಲೆದ್ದು ಮಹಡಿಗೆ ಓಡಿ ಎಚ್ಚರಿಸಿದಳು, ಆತ ಉಳಿದುಕೊಂಡ. ಜಪಾನಿನ ಹಳೆಯ ಆಳ್ವಿಕೆ ಉರುಳಿದ ಕಾಲದ ಪಿತೂರಿ, ಸಂಧಾನ, ರಕ್ತಪಾತಗಳಿಗೆಲ್ಲ ಊರೊಳಗಿನ ಇಂಥ ಮನೆಗಳು ಸಾಕ್ಷಿ. ಇಂಥವನ್ನು ನಕಲಿ ಎನ್ನುವವರು ಯಾವ ಅಸಲನ್ನು ಎದುರಿಗಿಟ್ಟು ಹಾಗೆ ಹೇಳುತ್ತಾರೋ ತಿಳಿಯದು.

ಹಾಗಾದರೆ ಬುಗ್ಗೆಯ ಪಕ್ಕದ ಮನೆಗಳು ಹಳೆಯವಲ್ಲವೇ ಎಂದು ಕೇಳಬಹುದು. ಹಳೆಯವೇ. ಯಾಮಾನಾಶಿಯ ಕೇಯುಂಕಾನ್ ತನ್ನ ಆರಂಭವನ್ನು 705ಕ್ಕೆ, ಇಶಿಕಾವಾದ ಹೋಶಿ ತನ್ನದನ್ನು 718ಕ್ಕೆ ಒಯ್ಯುತ್ತವೆ. ಆದರೆ ಅವು ಹುಟ್ಟಿದ್ದು ನೀರಿನಿಂದ ಕಾಯಿಲೆ ವಾಸಿ ಮಾಡಿಕೊಳ್ಳುವವರಿಗಾಗಿ. ಅಂಥ ಬುಗ್ಗೆಗಳಿಗೆ ಬಂದವರು ವಾರಗಟ್ಟಲೆ ಉಳಿಯುತ್ತಿದ್ದರು. ಒಂದೇ ರಾತ್ರಿ, ಹತ್ತಾರು ಬಗೆಯ ಊಟ, ಮರುದಿನ ಬೆಳಿಗ್ಗೆ ಹೊರಡು ಎಂಬ ಪದ್ಧತಿ ಹೆಚ್ಚಾಗಿ ಇಪ್ಪತ್ತನೇ ಶತಮಾನದ ರೈಲು, ಬಸ್ಸು, ಕಂಪನಿಗಳ ಗುಂಪುಪ್ರವಾಸ ತಂದ ಬದಲಾವಣೆ. ನಿರ್ದೇಶಕ ಓಝು 1953ರಲ್ಲಿ ತೆಗೆದ ‘ಟೋಕಿಯೊ ಕಥೆ’ ಚಿತ್ರದಲ್ಲಿ ಇದಕ್ಕೆ ಸಾಕ್ಷಿಯಿದೆ. ಮುದಿ ತಂದೆತಾಯಿಯನ್ನು ನೋಡಿಕೊಳ್ಳಲು ಪುರಸೊತ್ತಿಲ್ಲದ ಮಕ್ಕಳು ಅವರನ್ನು ಅತಾಮಿಯ ಬುಗ್ಗೆಯ ವಸತಿಗೃಹಕ್ಕೆ ಸಾಗಹಾಕುತ್ತಾರೆ. ಅಲ್ಲಿ ರಾತ್ರಿಯಿಡೀ ಪಕ್ಕದ ಕೋಣೆಗಳ ಆಟ, ಹಾಡು, ಗಲಾಟೆ. ಮುದುಕರಿಗೆ ಕಣ್ಣು ಮುಚ್ಚಲಾಗುವುದಿಲ್ಲ. ಬೆಳಿಗ್ಗೆ ಸಮುದ್ರದ ದಂಡೆಯಲ್ಲಿ ಕುಳಿತು ಊರಿಗೆ ಮರಳುವ ಮಾತಾಡುತ್ತಾರೆ. ಬುಗ್ಗೆಯ ಬಳಿ ಶಾಂತಿ, ಊರಿನಲ್ಲಿ ಗದ್ದಲ ಎಂಬ ಹಂಚಿಕೆ ಎಪ್ಪತ್ತು ವರ್ಷಗಳ ಹಿಂದೆಯೇ ನಿಜವಾಗಿರಲಿಲ್ಲ. ಇನ್ನೊಂದು ಸಂಗತಿ. ಬುಗ್ಗೆಯ ವಸತಿಗೃಹದ ಚಿತ್ರವನ್ನು ಲೋಕದ ಮನಸ್ಸಿನಲ್ಲಿ ಕೂರಿಸಿದ ಕಾದಂಬರಿಗಳಲ್ಲಿ ಯಾಸುನಾರಿ ಕವಾಬಾತಾರ ‘ಹಿಮದ ನಾಡು’ ಮುಖ್ಯ. ಅದೇ ಕವಾಬಾತಾ ಕ್ಯೋಟೊಗೆ ಬಂದಾಗ ಫುಯಾಚೊ ಬೀದಿಯ ಹೀರಾಗಿಯಾ ಎಂಬ ರಿಯೋಕಾನ್‌ನಲ್ಲಿ ತಂಗುತ್ತಿದ್ದರು. ಅದು ಊರಿನ ಹೃದಯಭಾಗ. ಎದುರಿಗೇ ಮೂರು ಶತಮಾನದ ಹಿನ್ನೆಲೆಯ ತವಾರಾಯಾ. ಬೆಟ್ಟದಲ್ಲಿ ಬೆಟ್ಟದ ಮನೆ, ಊರಿನಲ್ಲಿ ಊರಿನ ಮನೆ ಎಂಬುದು ಅವರ ಕ್ರಮವಾಗಿತ್ತು.

ಈಗ ಬಳಕೆಯ ಲೆಕ್ಕಕ್ಕೆ ಬರೋಣ. ಒಂದು ರಾತ್ರಿಯ ರಿಯೋಕಾನ್ ಎಂದರೆ ಮಧ್ಯಾಹ್ನ 3ಕ್ಕೆ ಒಳಗೆ, ಮರುದಿನ 10ಕ್ಕೆ ಹೊರಗೆ. ಒಟ್ಟು 19 ತಾಸು. ಅದರಲ್ಲಿ ಎಂಟು ತಾಸು ನಿದ್ದೆ. ಊಟ ಸಂಜೆ 6 ಅಥವಾ 6.30ಕ್ಕೆ, ಅವರು ಹೇಳಿದ ಹೊತ್ತಿಗೆ. ಉಳಿದ ಸಮಯದಲ್ಲಿ ಅತಿಥಿ ಕಲಿಯಬೇಕಾದದ್ದು ಬೇಕಾದಷ್ಟಿದೆ: ಗೆಂಕಾನ್ ಎಂಬ ಹೊಸ್ತಿಲ ಕೆಳಗೆ ಜೋಡು ಬಿಡಬೇಕು, ಮೊಗಸಾಲೆಯಲ್ಲಿ ಚಪ್ಪಲಿ, ತತಾಮಿ ಚಾಪೆಯ ಮೇಲೆ ಬರಿಗಾಲು ಅಥವಾ ಕಾಲುಚೀಲ, ಶೌಚಾಲಯಕ್ಕೆ ಬೇರೆ ಚಪ್ಪಲಿ, ಯುಕಾತಾ ಉಡುಪಿನ ಎಡ ಅಂಚು ಮೇಲೆ ಬರಬೇಕು, ಬಲ ಅಂಚು ಮೇಲೆ ಬಂದರೆ ಅದು ಶವಕ್ಕೆ ಉಡಿಸುವ ರೀತಿ, ಮೈ ತೊಳೆದ ಮೇಲೆಯೇ ತೊಟ್ಟಿಗೆ ಇಳಿಯಬೇಕು. ಮೊದಲ ರಾತ್ರಿ ಇವನ್ನೆಲ್ಲ ತಪ್ಪದಂತೆ ನೋಡಿಕೊಳ್ಳುವುದರಲ್ಲೇ ಕಳೆಯುತ್ತದೆ. ಎರಡನೆಯ ದಿನ ಕಾಲು ತಾನಾಗಿ ಚಪ್ಪಲಿ ಬಿಡುತ್ತದೆ. ಮೂರನೆಯ ದಿನಕ್ಕೆ ನೆಲ ನಮ್ಮದಾಗುತ್ತದೆ. ಒಂದೇ ರಾತ್ರಿಗೆ ಹೋದವರು ಪರೀಕ್ಷೆ ಬರೆದು ಬರುತ್ತಾರೆಯೇ ಹೊರತು ಅಲ್ಲಿ ವಾಸ ಮಾಡಿರುವುದಿಲ್ಲ. ವಾಸಕ್ಕೆ ಮೂರು ನಾಲ್ಕು ರಾತ್ರಿ ಬೇಕು. ಬಹುಪಾಲು ಪ್ರವಾಸಿಗಳು ಒಂದೇ ಕಡೆ ಮೂರು ನಾಲ್ಕು ರಾತ್ರಿ ಇರುವುದು ಕ್ಯೋಟೊದಂಥ, ಟೋಕಿಯೊದಂಥ ಊರಿನಲ್ಲಿ ಮಾತ್ರ.

ಕೋಣೆಯ ವಿಷಯವನ್ನೂ ಅಳತೆಗೋಲಿಟ್ಟೇ ನೋಡಬಹುದು. ಕ್ಯೋಟೊ ಅಳತೆಯ ತತಾಮಿ ಚಾಪೆ 191 ಸೆಂಟಿಮೀಟರ್ ಉದ್ದ, 95.5 ಸೆಂಟಿಮೀಟರ್ ಅಗಲ. ಆರು ಚಾಪೆಯ ಕೋಣೆ ಎಂದರೆ ಹತ್ತಿರ ಹತ್ತಿರ 11 ಚದರ ಮೀಟರ್. ಟೋಕಿಯೊ ಕಡೆಯ ಚಾಪೆ ತುಸು ಚಿಕ್ಕದು. ಅಲ್ಲಿ ಆರು ಚಾಪೆಗೆ 9 ಚದರ ಮೀಟರ್ ಚಿಲ್ಲರೆ. ನಿಲ್ದಾಣದ ಪಕ್ಕದ ಬಿಸಿನೆಸ್ ಹೋಟೆಲ್‌ನಲ್ಲಿ ಒಬ್ಬರ ಕೋಣೆಯೂ ಸಾಮಾನ್ಯವಾಗಿ 11, 12 ಚದರ ಮೀಟರ್ ಆಸುಪಾಸಿನದೇ. ಆದರೆ ಅಲ್ಲಿ ಮಂಚ ಹಗಲೂ ರಾತ್ರಿ ಜಾಗ ಹಿಡಿದಿರುತ್ತದೆ. ಬಚ್ಚಲಿನ ಡಬ್ಬಿ ಇನ್ನಷ್ಟು ತಿನ್ನುತ್ತದೆ. ಪೆಟ್ಟಿಗೆ ತೆರೆದರೆ ಕಾಲಿಡಲು ತಾವಿಲ್ಲ. ಆ ಡಬ್ಬಿಯ ಚರಿತ್ರೆಯೂ ತಿಳಿಯಬೇಕಾದದ್ದೇ. 1964ರ ಒಲಿಂಪಿಕ್ಸ್‌ಗೆ ಮುಂಚೆ ಟೋಕಿಯೊದಲ್ಲಿ ಸಾವಿರಕ್ಕೂ ಹೆಚ್ಚು ಕೋಣೆಗಳ ನ್ಯೂ ಒತಾನಿ ಹೋಟೆಲ್ ಅವಸರದಲ್ಲಿ ಏಳಬೇಕಿತ್ತು. ಒಂದೊಂದೂ ಬಚ್ಚಲನ್ನು ಸ್ಥಳದಲ್ಲೇ ಕಟ್ಟಲು ಸಮಯವಿರಲಿಲ್ಲ. ಆಗ ತೊತೊ ಕಂಪನಿ ಕಾರ್ಖಾನೆಯಲ್ಲಿ ಸಿದ್ಧಪಡಿಸಿ ತಂದು ಕೂರಿಸುವ ಬಚ್ಚಲನ್ನು ರೂಪಿಸಿತು. ಗಡುವಿನ ಒತ್ತಡದಲ್ಲಿ ಹುಟ್ಟಿದ ಆ ಪರಿಹಾರ ಮುಂದೆ ದೇಶದ ಹೋಟೆಲುಗಳ ಮಾಮೂಲು ರೂಪವಾಯಿತು. ಆರು ಚಾಪೆಯ ಕೋಣೆಯಲ್ಲಾದರೋ ಹಗಲು ಹಾಸಿಗೆ ಗೋಡೆಯ ಕಪಾಟು ಸೇರಿರುತ್ತದೆ. ನಡುವೆ ಒಂದು ತಗ್ಗು ಮೇಜು, ಅದರ ಮೇಲೆ ಚಹಾದ ಬಟ್ಟಲು, ಬಿಸಿನೀರಿನ ಫ್ಲಾಸ್ಕ್. ಸಂಜೆ ಮೇಜನ್ನು ಬದಿಗೆ ಸರಿಸಿ ಫುತೋನ್ ಹಾಸಿದರೆ ಅದೇ ಮಲಗುವ ಮನೆ. ನಮ್ಮ ಹಳೆಯ ಮನೆಗಳ ನಡುಮನೆ ಹಗಲು ಕೂರಲು, ಮಧ್ಯಾಹ್ನ ಎಲೆ ಹಾಕಲು, ರಾತ್ರಿ ಹಾಸಿಗೆ ಬಿಚ್ಚಲು ಒದಗುತ್ತಿದ್ದದ್ದೂ ಹೀಗೆಯೇ. ಅದೇ ಚದರ ಮೀಟರು ಎರಡು ಪಟ್ಟು ದುಡಿಯುತ್ತದೆ. ಹೆಂಡತಿ ಮಕ್ಕಳೊಂದಿಗೆ ಹೋದವರಿಗೆ ಈ ಲಾಭ ಇನ್ನೂ ಹೆಚ್ಚು. ಎಂಟು ಚಾಪೆಯ ಕೋಣೆಯಲ್ಲಿ ನಾಲ್ಕು ಹಾಸಿಗೆ ಸಾಲಾಗಿ ಹಾಸಬಹುದು.

ಸ್ನಾನ ಹಂಚಿಕೊಳ್ಳಬೇಕಲ್ಲ ಎಂಬುದು ಹಲವರ ಮೊದಲ ಅಳುಕು. ಅರ್ಥವಾಗುವ ಅಳುಕೇ. ಆದರೆ ಊರೊಳಗಿನ ಸಣ್ಣ ರಿಯೋಕಾನ್‌ಗಳಲ್ಲಿ ಹಲವು ಕಡೆ ಒಂದೋ ಎರಡೋ ಚಿಕ್ಕ ಬಚ್ಚಲುಮನೆಗಳಿರುತ್ತವೆ. ಒಂದು ಕುಟುಂಬ ಒಳಗೆ ಹೋಗಿ ಚಿಲಕ ಹಾಕಿಕೊಳ್ಳುತ್ತದೆ, ಮುಗಿದ ಮೇಲೆ ಇನ್ನೊಬ್ಬರ ಸರದಿ. ಒಳಗೆ ಒಂದು ಗಿಡ್ಡ ಮಣೆ, ಒಂದು ತಂಬಿಗೆ, ಗೋಡೆಗೆ ನಲ್ಲಿ. ಮಣೆಯ ಮೇಲೆ ಕುಳಿತು ಸೋಪು ಹಚ್ಚಿ, ನೀರು ಹುಯ್ದುಕೊಂಡು, ನೊರೆಯ ಕೊನೆಯ ಹನಿಯೂ ಹೋದ ಮೇಲೆ ತೊಟ್ಟಿಯ ಮುಚ್ಚಳ ತೆಗೆದು 40, 42 ಡಿಗ್ರಿಯ ನೀರಿಗೆ ಇಳಿಯುವುದು. ಎದ್ದು ಬರುವಾಗ ನೀರು ಬಿಡುವುದಿಲ್ಲ, ಮತ್ತೆ ಮುಚ್ಚಳ ಮುಚ್ಚುತ್ತಾರೆ. ಹಂಡೆ ಒಲೆಯ ಬಚ್ಚಲಿನಲ್ಲಿ ಮಣೆಯ ಮೇಲೆ ಕುಳಿತು ಮಿಂದವರ ಮೊಮ್ಮಕ್ಕಳು ನಾವು. ಹಂಡೆಯೊಳಗೆ ಕೈ ಅದ್ದದೆ ಚೊಂಬಿನಲ್ಲಿ ಮೊಗೆದುಕೊಳ್ಳುವ ಶಿಸ್ತು ನಮಗೆ ಹೊಸತಲ್ಲ. ಮುಂದಿನವರಿಗೆ ನೀರು ಶುದ್ಧವಾಗಿ ಉಳಿಯಬೇಕೆಂಬ ಆ ಒಂದು ಕಾಳಜಿಯಿಂದಲೇ ಅಲ್ಲಿನ ಉಳಿದ ನಿಯಮಗಳೆಲ್ಲ ಹುಟ್ಟಿವೆ.

ಹಣ ಮತ್ತು ಊಟವನ್ನು ಒಟ್ಟಿಗೇ ಹೇಳಬೇಕು, ಏಕೆಂದರೆ ಅಲ್ಲಿ ಅವು ಒಂದಕ್ಕೊಂದು ಅಂಟಿಕೊಂಡಿವೆ. ಬುಗ್ಗೆಯ ಊರಿನ ರಿಯೋಕಾನ್ ಹೆಚ್ಚಾಗಿ ಎರಡು ಊಟ ಸೇರಿಸಿ, ಕೋಣೆಗಲ್ಲದೆ ತಲೆಗೆ ಇಷ್ಟೆಂದು ದರ ಹೇಳುತ್ತದೆ. ಹಕೋನೆಯ ಒಳ್ಳೆಯ ಮನೆಗಳಲ್ಲಿ ತಲೆಗೆ ಮೂವತ್ತು ಸಾವಿರ ಯೆನ್ ದಾಟುವುದು ಸಾಮಾನ್ಯ. ಆ ಹಣದ ದೊಡ್ಡ ಪಾಲು ಹೋಗುವುದು ಕೈಸೇಕಿ ಎಂಬ ಹಲವು ಬಗೆಯ ಊಟಕ್ಕೆ, ಅದರಲ್ಲಿ ಹೆಚ್ಚಿನದು ಮೀನು, ಸಿಗಡಿ, ಮಾಂಸ. ಸಸ್ಯಾಹಾರಿಗಳಿಗೆ ಇನ್ನೂ ಸೂಕ್ಷ್ಮವಾದ ತೊಡಕು ದಾಶಿಯದು. ಒಣಗಿಸಿ ಗಟ್ಟಿಮಾಡಿದ ಕತ್ಸುಒ ಮೀನನ್ನು ಹೆರೆದು ಕುದಿಸಿದ ತಿಳಿಸಾರು ಅದು. ಮಿಸೊ ಸಾರಿನಲ್ಲಿ, ಬೇಯಿಸಿದ ತರಕಾರಿಯಲ್ಲಿ, ಅದ್ದಿಕೊಳ್ಳುವ ರಸದಲ್ಲಿ ಎಲ್ಲೆಲ್ಲೂ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ತಿನ್ನಲಾಗದ ಊಟಕ್ಕೆ ಅಷ್ಟು ಹಣ ತೆತ್ತು, ಅನ್ನ ಉಪ್ಪಿನಕಾಯಿ ತಿಂದು ಏಳುವ ಶಾಕಾಹಾರಿ ಕುಟುಂಬಕ್ಕೆ ಬೆಟ್ಟದ ಮೇಲಿನ ಊರಿನಲ್ಲಿ ಬೇರೆ ದಾರಿಯೂ ಕಡಿಮೆ. ಊರೊಳಗಿನ ರಿಯೋಕಾನ್‌ಗಳು ಎಷ್ಟೋ ಕಡೆ ಸುದೊಮಾರಿ ಲೆಕ್ಕದಲ್ಲಿ, ಅಂದರೆ ಊಟವಿಲ್ಲದೆ ವಸತಿ ಮಾತ್ರ ಎಂಬಂತೆ, ಕೋಣೆ ಕೊಡುತ್ತವೆ. ಆಗ ದರ ಬೆಟ್ಟದ ಮನೆಯ ಸಣ್ಣ ಪಾಲಿಗೆ ಇಳಿಯುತ್ತದೆ, ಊಟದ ಆಯ್ಕೆ ನಮ್ಮ ಕೈಗೆ ಬರುತ್ತದೆ. ಕ್ಯೋಟೊದಲ್ಲಿ ಬೌದ್ಧ ಮಠಗಳ ಶೋಜಿನ್ ಅಡುಗೆ ಸಿಗುತ್ತದೆ. ಅದರ ತಿಳಿಸಾರು ಸಮುದ್ರದ ಕೊಂಬು ಪಾಚಿಯದು, ಅಣಬೆಯದು. ಭಾರತೀಯ ಊಟದ ಮನೆಗಳೂ ದೊಡ್ಡ ಊರುಗಳಲ್ಲಿವೆ. ನಮ್ಮಲ್ಲಿ ಇಷ್ಟು ಮಂದಿ ಸಸ್ಯಾಹಾರಿಗಳಿರುವಾಗ, ನಮಗೆ ಸಲಹೆ ಕೊಡುವವರು ಈ ಒಂದು ಕಾರಣಕ್ಕಾದರೂ ಊರಿನ ರಿಯೋಕಾನನ್ನು ಮೊದಲು ಹೇಳಬೇಕಿತ್ತು.

ಆಕ್ಷೇಪಗಳಿವೆ, ಅವನ್ನು ಬದಿಗೆ ತಳ್ಳುವ ಇರಾದೆ ನನಗಿಲ್ಲ. ಗೋಡೆ ತೆಳು ಎನ್ನುತ್ತಾರೆ. ನಿಜ. ಇಸಬೆಲ್ಲಾ ಬರ್ಡ್ ಎಂಬ ಬ್ರಿಟಿಷ್ ಮಹಿಳೆ 1878ರಲ್ಲಿ ಉತ್ತರ ಜಪಾನಿನ ಉದ್ದಕ್ಕೂ ವಸತಿಗೃಹಗಳಲ್ಲಿ ತಂಗುತ್ತ ಹೋದರು. ಕಾಗದದ ಗೋಡೆ, ಚಿಗಟ, ಶೋಜಿ ಎಂಬ ಕಾಗದದ ತೆರೆಗೆ ತೂತು ಮಾಡಿ ಇಣುಕುವ ಕಣ್ಣುಗಳ ಬಗ್ಗೆ ಅವರು ಮಾಡಿದ ದೂರು 1880ರಲ್ಲಿ ಪುಸ್ತಕವಾಯಿತು. ಚಿಗಟ ಹೋಯಿತು, ಇಣುಕುವವರು ಹೋದರು. ಹಳೆಯ ಮರದ ಮನೆಯಲ್ಲಿ ಪಕ್ಕದವರ ಕೆಮ್ಮು ಇಂದಿಗೂ ಕೇಳುತ್ತದೆ. ಆದರೆ ಬೆಟ್ಟದ ಮೇಲಿನ ಮರದ ಮನೆಗೂ ಇದೇ ಗೋಡೆ, ಇದೇ ಶೋಜಿ. ಈ ಆಕ್ಷೇಪವನ್ನು ರಿಯೋಕಾನ್ ಎಂಬ ಕಟ್ಟಡದ ಮೇಲೆ ಹೊರಿಸಬಹುದು, ಊರಿನ ಮೇಲೆ ಹೊರಿಸಲಾಗದು. ಸಣ್ಣ ಮನೆಗಳು ರಾತ್ರಿ ಹನ್ನೊಂದರ ಸುಮಾರಿಗೆ ಬಾಗಿಲು ಹಾಕುತ್ತವೆ ಎಂಬುದೂ ನಿಜ. ಅದು ಮನೆಯವರೂ ಮಲಗುವ ಮನೆ. ಮುಂಗಟ್ಟೆಯಲ್ಲಿ ಇಡೀ ರಾತ್ರಿ ನಿಲ್ಲುವ ಪಾಳಿಯ ನೌಕರರು ಅಲ್ಲಿಲ್ಲ. ತಡರಾತ್ರಿಯವರೆಗೆ ಹೊರಗಿರುವ ಉದ್ದೇಶದಿಂದಲೇ ಊರಿಗೆ ಬಂದವರು ಬೇರೆ ಜಾಗ ನೋಡಿಕೊಳ್ಳುವುದು ಸರಿ. ಮಂಡಿನೋವಿನ ಆಕ್ಷೇಪ ಎಲ್ಲಕ್ಕಿಂತ ಗಟ್ಟಿಯಾದದ್ದು. ನೆಲದಿಂದ ಏಳಲಾರದ ಹಿರಿಯರಿಗೆ ಕಾಲಿಲ್ಲದ ಬೆನ್ನುಕುರ್ಚಿಯಿಂದ ಏನೂ ಉಪಯೋಗವಿಲ್ಲ. ಹಳೆಯ ಮನೆಗಳ ಕಡಿದಾದ ಮರದ ಮೆಟ್ಟಿಲು ಅವರಿಗೆ ಅಪಾಯ, ಲಿಫ್ಟ್ ಇರುವುದು ಅಪರೂಪ. ಅಂಥವರಿಗೆ ಮಂಚವಿರುವ ಹೋಟೆಲೇ ಸರಿ. ಈ ವಾದವನ್ನು ಅವರ ಮೇಲೆ ಹೇರುವುದು ತಪ್ಪಾಗುತ್ತದೆ.

ಉಳಿದದ್ದು ಅಸಲಿತನದ ಆಕ್ಷೇಪ, ಎಲ್ಲರೂ ಮೊದಲು ಎತ್ತುವಂಥದ್ದು. ಊರಿನ ರಿಯೋಕಾನ್ ಎಷ್ಟೋ ವೇಳೆ ಸಿಮೆಂಟಿನ ಕಟ್ಟಡ, ಕಿಟಕಿಯಾಚೆ ವಿದ್ಯುತ್ ತಂತಿ, ಪಕ್ಕದ ಮನೆಯ ಗೋಡೆ. ಇದರಲ್ಲಿ ಸಂಪ್ರದಾಯ ಎಲ್ಲಿದೆ ಎನ್ನುತ್ತಾರೆ. ಇಲ್ಲಿ ಎರಡು ಬಗೆಯ ಮನೆಗಳನ್ನು ಬೇರ್ಪಡಿಸಬೇಕು. ಹೋಟೆಲಿನ ಕೋಣೆಯ ಮೂಲೆಗೆ ನಾಲ್ಕು ಚಾಪೆ ಹಾಸಿ, ಜಪಾನೀ ಶೈಲಿ ಎಂದು ಫಲಕ ತೂಗುಹಾಕಿದ ಜಾಗಗಳಿವೆ. ಅವನ್ನು ನಾನು ಸಮರ್ಥಿಸುವುದಿಲ್ಲ. ಹೆಸರನ್ನು ನಂಬಿಯೂ ಪ್ರಯೋಜನವಿಲ್ಲ: ಹಿಂದೆ ಹೋಟೆಲಿಗೆ ಕನಿಷ್ಠ 10 ಕೋಣೆ, ರಿಯೋಕಾನ್‌ಗೆ ಕನಿಷ್ಠ 5 ಕೋಣೆ ಎಂದು ಕಾನೂನು ಎರಡನ್ನೂ ಬೇರೆಯಾಗಿ ನೋಡುತ್ತಿತ್ತು; 2018ರ ಜೂನ್‌ನಲ್ಲಿ ಜಾರಿಯಾದ ತಿದ್ದುಪಡಿ ಎರಡನ್ನೂ ಒಂದೇ ಪರವಾನಗಿಯ ಕೆಳಗೆ ತಂದಿತು. ಕಾಯ್ದಿರಿಸುವ ಮೊದಲು ಕೇಳಬೇಕಾದದ್ದು ಬೇರೆ. ಮನೆಯವರು ಅಲ್ಲಿಯೇ ಇರುತ್ತಾರೆಯೇ, ಒಕಾಮಿ, ಅಂದರೆ ಮನೆಯೊಡತಿ, ಬಾಗಿಲಿಗೆ ಬರುತ್ತಾರೆಯೇ? ಹಾಸಿಗೆ ನೆಲದ ಮೇಲೋ ಮಂಚದ ಮೇಲೋ? ಬಚ್ಚಲಿಗೆ ಒಳಗಿನಿಂದ ಚಿಲಕವಿದೆಯೇ? ಊಟ ಬೇಡವೆಂದರೆ ದರ ಇಳಿಯುತ್ತದೆಯೇ? ಬಾಗಿಲು ಎಷ್ಟು ಹೊತ್ತಿಗೆ ಹಾಕುತ್ತಾರೆ? ಇವಕ್ಕೆ ನೇರ ಉತ್ತರ ಬಂದರೆ ಅದು ರಿಯೋಕಾನ್, ಗೋಡೆ ಸಿಮೆಂಟಿನದಾದರೂ ಸರಿ.

ಟೋಕಿಯೊದ ಯಾನಾಕಾ ಕಡೆಯ ಸವಾನೊಯಾ ಇದಕ್ಕೆ ಒಳ್ಳೆಯ ನಿದರ್ಶನ. 1949ರಲ್ಲಿ ಶುರುವಾದ ಸಣ್ಣ ಕುಟುಂಬದ ಮನೆ; ಕೋಣೆಗಳು ಹನ್ನೆರಡು. ಬಿಸಿನೆಸ್ ಹೋಟೆಲುಗಳು ಬಂದು ಶಾಲಾಪ್ರವಾಸದ ಮಕ್ಕಳೂ ವ್ಯಾಪಾರಿಗಳೂ ಅತ್ತ ಹೋದಾಗ ಮನೆ ಖಾಲಿ ಬಿತ್ತು. 1982ರಲ್ಲಿ ಅವರು ವಿದೇಶಿ ಅತಿಥಿಗಳಿಗೆ ಬಾಗಿಲು ತೆರೆದರು. ಕಟ್ಟಡದಲ್ಲಿ ಹೇಳಿಕೊಳ್ಳುವಂಥ ವೈಭವವಿಲ್ಲ. ಊಟಕ್ಕೆ ಬೀದಿಯ ಅಂಗಡಿಗಳಿಗೆ ಹೋಗಿ ಎಂದು ಅತಿಥಿಗಳನ್ನು ಕಳಿಸುತ್ತಾರೆ. ಹಾಗೆ ಹೋದವರಿಗೆ ಬೀದಿ ಪರಿಚಯವಾಗುತ್ತದೆ, ಬೀದಿಗೆ ಅವರು ಪರಿಚಯವಾಗುತ್ತಾರೆ. ವ್ಯಾಜ್ಯಕ್ಕೆ ಬಂದ ಹಳ್ಳಿಗನಿಗೆ ಎದೊ ನಗರವನ್ನು ತಿಳಿಸಿಕೊಡುತ್ತಿದ್ದ ಕುಜಿಯಾಡೊದ ಯಜಮಾನ ಮಾಡುತ್ತಿದ್ದದ್ದು ಇದನ್ನೇ. ಹೊಸಬನನ್ನು ಊರಿಗೆ ಪರಿಚಯಿಸುವ ಕೆಲಸ ನಡೆಯುತ್ತಿರುವಲ್ಲಿ ರಿಯೋಕಾನ್ ಸಂಪ್ರದಾಯ ಜೀವಂತವಾಗಿದೆ. ಆ ಕೆಲಸಕ್ಕೆ ಊರು ಬೇಕು. ಎರಡೂ ಊಟವನ್ನು ಮನೆಯೊಳಗೇ ಬಡಿಸಿ, ಬೆಳಿಗ್ಗೆ ನಿಲ್ದಾಣಕ್ಕೆ ಬಿಟ್ಟು ಬರುವ ಬೆಟ್ಟದ ಮನೆಯಲ್ಲಿ ಅದು ನಡೆಯುವುದು ಕಷ್ಟ.

ಕ್ಯೋಟೊದಲ್ಲಿ ಈ ಮಾತಿಗೆ ಇನ್ನೊಂದು ತೂಕವಿದೆ. ಅಲ್ಲಿನ ಹಳೆಯ ಮರದ ಮನೆಗಳಿಗೆ ಮಾಚಿಯಾ ಎನ್ನುತ್ತಾರೆ. ಬೀದಿಗೆ ಕಿರಿದಾದ ಮುಖ, ಒಳಗೆ ಉದ್ದಕ್ಕೆ ಹೋಗುವ ದೇಹ. ಹಾವುಮೀನಿನ ಹಾಸಿಗೆ ಎಂಬುದು ಊರಿನವರು ಅದಕ್ಕಿಟ್ಟ ಹೆಸರು. ಗಾಳಿ ಬೆಳಕಿಗೆ ನಡುವೆ ಒಂದು ಪುಟ್ಟ ಅಂಗಳ, ಅದರಲ್ಲಿ ಒಂದು ಕಲ್ಲಿನ ದೀಪ, ಜರೀಗಿಡ, ಒದ್ದೆ ಹಾವಸೆ. ತೊಟ್ಟಿಮನೆ ಕಂಡವರಿಗೆ ಆ ಬೆಳಕು ಹೇಗಿರುತ್ತದೆಂದು ಬೇರೆ ಹೇಳಬೇಕಿಲ್ಲ. ನಗರಾಡಳಿತದ ಗಣತಿಯಲ್ಲಿ 2009ರ ಸುಮಾರಿಗೆ 47 ಸಾವಿರಕ್ಕೂ ಹೆಚ್ಚಿದ್ದ ಮಾಚಿಯಾಗಳು 2016ಕ್ಕೆ 40 ಸಾವಿರದ ಆಸುಪಾಸಿಗೆ ಇಳಿದವು. ಬಿದ್ದ ಜಾಗದಲ್ಲಿ ಏಳುವುದು ಬಹುಮಹಡಿ ಕಟ್ಟಡ, ಹೋಟೆಲು, ವಾಹನ ನಿಲ್ಲಿಸುವ ಬಯಲು. ಕ್ಯೋಟೊ ನೋಡಲು ಹೋದವರು ದಿನವಿಡೀ ದೇವಾಲಯಗಳ ಮುಂದೆ ಸಾಲು ನಿಂತು, ರಾತ್ರಿ ನಿಲ್ದಾಣದ ಪಕ್ಕದ ಹೋಟೆಲಿಗೆ ಮರಳಿದರೆ, ಕ್ಯೋಟೊದ ಜನ ಹೇಗೆ ಬಾಳುತ್ತ ಬಂದರೆಂಬುದನ್ನು ಅವರು ನೋಡುವುದೇ ಇಲ್ಲ. ಮಳೆ ಬಂದಾಗ ಮರದ ಸೂರಿನಿಂದ ಅಂಗಳಕ್ಕೆ ನೀರು ಇಳಿಯುವ ಸದ್ದು, ಬೆಳಿಗ್ಗೆ ಪಕ್ಕದ ಮನೆಯವರು ಬಾಗಿಲ ಮುಂದೆ ಗುಡಿಸಿ ನೀರು ಚಿಮುಕಿಸುವ ಹೊತ್ತು, ಇವು ಆ ನಗರದ ಸಂಪತ್ತು. ಇವುಗಳ ನಡುವೆ ಮಲಗಿ ಏಳುವ ಅವಕಾಶ ಒಬ್ಬ ಪರದೇಶಿಗೆ ಸಿಗುವುದು ಓಣಿಯ ರಿಯೋಕಾನ್‌ನಲ್ಲಿ ಮಾತ್ರ.

ತಪ್ಪು ಸಲಹೆಯೊಂದು ನಮ್ಮ ಪ್ರವಾಸವನ್ನಷ್ಟೇ ಕೆಡಿಸಿದ್ದರೆ ಇಷ್ಟು ಬರೆಯಬೇಕಿರಲಿಲ್ಲ. ಅದರ ಪೆಟ್ಟು ಈ ಮನೆಗಳ ಮೇಲೂ ಬೀಳುತ್ತದೆ. 1980ರ ಸುಮಾರಿಗೆ ಜಪಾನಿನಲ್ಲಿ 83 ಸಾವಿರದಷ್ಟು ರಿಯೋಕಾನ್‌ಗಳಿದ್ದವು. 2017ರ ಆರ್ಥಿಕ ವರ್ಷದ ಕೊನೆಗೆ ಉಳಿದದ್ದು 39 ಸಾವಿರಕ್ಕಿಂತ ಕಡಿಮೆ. ಮುಚ್ಚಲು ಕಾರಣಗಳು ಹಲವು: ಮಕ್ಕಳು ಮುಂದುವರಿಸಲಿಲ್ಲ, ಊರಿನ ನೆಲದ ಬೆಲೆ ಏರಿತು, ಹಳೆಯ ಮರದ ಮನೆಗೆ ಭೂಕಂಪ, ಬೆಂಕಿಗಳ ನಿಯಮ ಪಾಲಿಸುವ ಖರ್ಚು ಹೆಚ್ಚಿತು. ಇವುಗಳಲ್ಲಿ ಒಂದನ್ನೂ ಪ್ರವಾಸಿಯೊಬ್ಬ ತಡೆಯಲಾರ. ಆದರೆ ಹನ್ನೆರಡು ಕೋಣೆಯ ಮನೆ ಉಳಿಯಬೇಕಾದರೆ ಹನ್ನೆರಡು ಕೋಣೆ ತುಂಬಬೇಕು, ಅದೂ ಮೂರು ನಾಲ್ಕು ರಾತ್ರಿ ಇರುವವರಿಂದ. ಒಂದೊಂದು ರಾತ್ರಿಯ ಅತಿಥಿಗೆ ದಿನಾ ಹಾಸಿಗೆ ಬಟ್ಟೆ ಬದಲಿಸಿ ಒಗೆಯುವುದರಲ್ಲೇ ಸಣ್ಣ ಮನೆಯ ದುಡಿಮೆ ಕರಗುತ್ತದೆ. ಊರಿನ ಸಾರ್ವಜನಿಕ ಸ್ನಾನಗೃಹಗಳು ಹೋದದ್ದೂ ಹೀಗೆಯೇ, ಒಂದೊಂದಾಗಿ: ಟೋಕಿಯೊದಲ್ಲಿ 1968ರಲ್ಲಿ 2,600ಕ್ಕೂ ಹೆಚ್ಚಿದ್ದವು, ಈಗ 500ಕ್ಕಿಂತ ಕಡಿಮೆ. ಊರಿನ ರಿಯೋಕಾನ್‌ಗಳು ಅಸಲಿಯಲ್ಲ, ಅಸಲು ಬೆಟ್ಟದ ಮೇಲಿದೆ ಎಂಬ ಮಾತು ಹರಡಿದಷ್ಟೂ, ಇನ್ನೂ ಬಾಗಿಲು ತೆರೆದು ಕೂತಿರುವ ಓಣಿಯ ಮನೆಗಳು ಅತಿಥಿಗಳನ್ನು ಕಳೆದುಕೊಳ್ಳುತ್ತವೆ.

ಆದ್ದರಿಂದ ಜಪಾನಿಗೆ ಹೊರಡುವವರಲ್ಲಿ ನನ್ನ ಕೋರಿಕೆ ಇಷ್ಟೇ. ಕ್ಯೋಟೊದ ನಾಲ್ಕು ರಾತ್ರಿಗಳಲ್ಲಿ ಮೂರನ್ನಾದರೂ ಓಣಿಯೊಳಗಿನ ಒಂದು ಸಾದಾ ರಿಯೋಕಾನ್‌ಗೆ ಕೊಡಿ. ಬೆಟ್ಟ, ಬುಗ್ಗೆ ನೋಡಬೇಕೆನಿಸಿದರೆ ಅದನ್ನೂ ನೋಡಿ, ಅದರೊಡನೆ ನನಗೆ ಜಗಳವಿಲ್ಲ. ಆದರೆ ಓಣಿಯ ಮನೆಯ ವಾಸವನ್ನು ಮುಂದೂಡಬೇಡಿ, ಅದು ಮುಚ್ಚಿದರೂ ನಮಗೆ ತಿಳಿಯದೆ ಹೋಗಬಹುದು. 2018ರ ತಿದ್ದುಪಡಿಯ ನಂತರ ಅಲ್ಲಿನ ಆರೋಗ್ಯ ಸಚಿವಾಲಯದ ವಾರ್ಷಿಕ ಪಟ್ಟಿಯಲ್ಲಿ ರಿಯೋಕಾನ್‌ಗೂ ಹೋಟೆಲಿಗೂ ಒಂದೇ ಅಂಕಣ. ಈ ವರ್ಷ ಎಷ್ಟು ರಿಯೋಕಾನ್‌ಗಳು ಮುಚ್ಚಿದವೆಂಬುದು ಆ ಪಟ್ಟಿಯಿಂದ ಇನ್ನು ತಿಳಿಯುವುದಿಲ್ಲ.